ಹಾಡಿನ ಅಡಿಯಲ್ಲಿ ಕುಳಿತಿದ್ದ ಗುಂಯ್‌ ಸದ್ದು: ಮನೆಗೇ ಬಂದು ಪರೀಕ್ಷಿಸುವ ಶಿವಮೊಗ್ಗದ ಒಂದು ಸೇವೆಯ ವಿಮರ್ಶೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ 76 ವರ್ಷದ ದೊಡ್ಡಮ್ಮ ಇದ್ದಾರೆ. ಹಸೆ ಬರೆಯುವಾಗ, ಆರತಿ ಎತ್ತುವಾಗ, ಹೆಣ್ಣೊಪ್ಪಿಸುವಾಗ ಹೇಳುವ ಹಾಡುಗಳಲ್ಲಿ ಅವರಿಗೆ ಬಾಯಿಪಾಠವಾಗಿ ಬರುವಷ್ಟು ನಮ್ಮ ಊರಿನಲ್ಲಿ ಈಗ ಇನ್ನಾರಿಗೂ ಬರುವುದಿಲ್ಲ. ಅವನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದ ನಾನು ಒಂದು ಕಂಡೆನ್ಸರ್ ಮೈಕ್, ಮೈಕ್‌ನ ಧ್ವನಿಯನ್ನು ಲ್ಯಾಪ್‌ಟಾಪ್‌ಗೆ ಒಯ್ಯುವ ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ, ಹೆಡ್‌ಫೋನ್ ಮತ್ತು ನನ್ನ ಹಳೆಯ ಲ್ಯಾಪ್‌ಟಾಪ್ ಸೇರಿಸಿ ಜಗಲಿಯಲ್ಲೇ ಧ್ವನಿಮುದ್ರಣ ಆರಂಭಿಸಿದೆ. 32 ಹಾಡುಗಳು ಮುಗಿದ ಮೇಲೆ ಒಂದು ರಾತ್ರಿ ಎಲ್ಲವನ್ನೂ ಕೇಳಲು ಕುಳಿತಾಗ, ಪ್ರತಿಯೊಂದು ಹಾಡಿನ ಅಡಿಯಲ್ಲೂ ಒಂದೇ ಬಗೆಯ ಗುಂಯ್‌ ಸದ್ದು ಬಿಡದೆ ಕೇಳಿಸಿತು. ದೊಡ್ಡಮ್ಮ ಹೆಡ್‌ಫೋನ್ ಕಿವಿಗಿಟ್ಟುಕೊಂಡು, "ಇದರೊಳಗೆ ಎಂತದೋ ದುಂಬಿ ಕೂತಿದೆಯಲ್ಲ ಮಾರಾಯ" ಎಂದರು.

ಆ ದುಂಬಿಯನ್ನು ಓಡಿಸಲು ನಾನು ಮೊದಲು ಹಣ ಸುರಿದೆ. ಹೊಸ ಕೇಬಲ್, ಕೇಬಲ್‌ಗೆ ಸಿಕ್ಕಿಸುವ ಫೆರೈಟ್ ಮಣಿಗಳು, ಬೆಲೆಬಾಳುವ ಸ್ಪೈಕ್ ಬಸ್ಟರ್ ಎಂದು ಸುಮಾರು 7,000 ರೂಪಾಯಿ ಖರ್ಚಾಯಿತು. ಆಡಾಸಿಟಿ ತಂತ್ರಾಂಶದಲ್ಲಿರುವ ಸದ್ದು ತಗ್ಗಿಸುವ ಸೌಲಭ್ಯವನ್ನೂ ಬಳಸಿದೆ. ಗುಂಯ್‌ ಸದ್ದು ಅದರಿಂದ ತಗ್ಗಿತಾದರೂ, ಸಾಲಿನ ಕೊನೆಯಲ್ಲಿ ದೊಡ್ಡಮ್ಮ ಉಸಿರಿನೊಂದಿಗೆ ಸ್ವರವನ್ನು ಮೆಲ್ಲಗೆ ಇಳಿಸುವ ಆ ಎಳೆಯೂ ಅದರ ಜೊತೆಗೇ ಹೋಯಿತು; ಉಳಿದದ್ದು ನೀರಿನೊಳಗಿಂದ ಹಾಡಿದಂಥ ಧ್ವನಿ. ಇದಾದ ಮೇಲೆಯೇ, ಶಿವಮೊಗ್ಗದ ದುರ್ಗಿಗುಡಿಯ ಒಂದು ಓಣಿಯಲ್ಲಿ ಆಂಪ್ಲಿಫಯರ್ ಮತ್ತು ಮೈಕ್‌ಗಳ ರಿಪೇರಿ ಮಾಡುವ, ಕರೆದರೆ ಮನೆಗೂ ಬರುವ ತಂತ್ರಜ್ಞರೊಬ್ಬರಿಗೆ ಹೇಳಿಕಳುಹಿಸಿದ್ದು. ಅವರು ಪ್ರಚಾರವನ್ನು ಬಯಸುವುದಿಲ್ಲವಾದ್ದರಿಂದ ಹೆಸರನ್ನು ಬರೆಯುತ್ತಿಲ್ಲ.

ಅವರು ತಂದದ್ದು ಒಂದು ಮಲ್ಟಿಮೀಟರ್, ಎರಡು ಕೇಬಲ್ ಮತ್ತು ಒಂದು ಶ್ಯೂರ್ ಎಸ್‌ಎಂ 58 ಮೈಕ್, ಅಷ್ಟೇ. 1966ರಿಂದ ವೇದಿಕೆಗಳ ಮೇಲೆ ಬಳಕೆಯಲ್ಲಿರುವ ಈ ಡೈನಾಮಿಕ್ ಮೈಕನ್ನು ಅವರು ತಂದದ್ದು ಹಾಡಿಸುವುದಕ್ಕಲ್ಲ, ಹೋಲಿಸಿ ನೋಡುವುದಕ್ಕೆ. ಬಂದವರು ಕಾಫಿ ಮುಗಿಸಿ, ದೊಡ್ಡಮ್ಮನ ಕಡೆ ತಿರುಗಿ, "ಅಮ್ಮಾ, ನೀವು ಹಾಡುವ ಜಾಗದಲ್ಲೇ ಕೂತ್ಕೊಳ್ಳಿ, ಒಂದು ನಿಮಿಷ ಏನೂ ಹಾಡಬೇಡಿ" ಎಂದರು. ಆ ಒಂದು ನಿಮಿಷದ ಮೌನವನ್ನು ಮುದ್ರಿಸಿಕೊಂಡು, ಅದನ್ನೇ ನಾಲ್ಕೈದು ಸಲ ಕೇಳಿ, ಇದು ಒಂದು ಸದ್ದಲ್ಲ, ಹಲವು ಸದ್ದುಗಳು ಒಂದರ ಮೇಲೊಂದು ಕುಳಿತಿವೆ ಎಂದು ಹೇಳಿದರು. ನಾನು ಕೊಟ್ಟ ಹಣಕ್ಕೆ ಸಿಕ್ಕ ಅತಿ ಬೆಲೆಯುಳ್ಳ ಮಾತು ಇದೇ ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಅಲ್ಲಿಯವರೆಗೆ ನಾನು ನಾಲ್ಕು ಕಾಯಿಲೆಗಳಿಗೆ ಒಂದೇ ಔಷಧಿಯನ್ನು ಹುಡುಕುತ್ತಿದ್ದೆ.

ಮೊದಲು ಅದೇ ಕೇಬಲ್‌ಗೆ, ಅದೇ ಚಾನೆಲ್‌ಗೆ ನನ್ನ ಮೈಕ್ ತೆಗೆದು ಅವರ ಮೈಕ್ ಸಿಕ್ಕಿಸಿದರು. ಆಗಾಗ ಕೇಳುತ್ತಿದ್ದ ಚಟಪಟ ಸದ್ದು ಒಮ್ಮೆಲೇ ನಿಂತಿತು, ಗುಂಯ್‌ ಸದ್ದು ಮಾತ್ರ ಹಾಗೆಯೇ ಉಳಿಯಿತು. ಚಟಪಟ ಮೈಕ್‌ನೊಳಗಿನದು, ಗುಂಯ್‌ ಬೇರೆಡೆಯದು ಎಂಬುದು ಎರಡೇ ನಿಮಿಷದಲ್ಲಿ ಖಚಿತವಾಯಿತು. ಕಂಡೆನ್ಸರ್ ಮೈಕ್‌ನ ಒಳಗಿನ ತೆಳು ಪೊರೆಯ ಮೇಲೆ ವಿದ್ಯುದಾವೇಶ ನಿಂತಿರಬೇಕು. ತೇವ ಸೇರಿದರೆ ಆ ಆವೇಶ ಸಣ್ಣಗೆ ಸೋರತೊಡಗಿ ಚಟಪಟ ಸದ್ದು ಹುಟ್ಟುತ್ತದೆ. ಡೈನಾಮಿಕ್ ಮೈಕ್‌ನಲ್ಲಿರುವುದು ಸುರುಳಿ ಮತ್ತು ಅಯಸ್ಕಾಂತವಾದ್ದರಿಂದ ಅದಕ್ಕೆ ಮೈಕ್ ಕೇಬಲ್‌ನಲ್ಲೇ ಹರಿಸುವ 48 ವೋಲ್ಟ್‌ನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಬೇಕಿಲ್ಲ, ತೇವದ ಈ ಕಾಟವೂ ಇಲ್ಲ. ಕಪಾಟಿನ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಆಷಾಢದಲ್ಲಿ ಮೈಕನ್ನು ಬಟ್ಟೆ ಚೀಲದಲ್ಲಿಟ್ಟು ಶೆಲ್ಫಿನ ಮೇಲೆ ಬಿಟ್ಟದ್ದು ನನ್ನದೇ ತಪ್ಪು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಎರಡು ದಿನ ಮೈಕನ್ನು ಅದರೊಳಗಿಡಲು ಹೇಳಿದರು. ಆಮೇಲೆ ಚಟಪಟ ಮತ್ತೆ ಕೇಳಿಲ್ಲ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅವು ತೇವ ಕುಡಿದು ಮುಗಿಸಿವೆ ಎಂದರ್ಥ. ಅಕ್ಕಿ ಡಬ್ಬದಲ್ಲಿ ಹುಗಿದಿಡಬಹುದೇ ಎಂದು ದೊಡ್ಡಮ್ಮ ಕೇಳಿದ್ದಕ್ಕೆ, ಅಕ್ಕಿಯ ಪುಡಿ ಜಾಲರಿಯೊಳಗೆ ಇಳಿಯುತ್ತದೆ, ಬೇಡ ಎಂದು ಬಿಡಿಸಿ ಹೇಳಿದರು.

ಗುಂಯ್‌ ಸದ್ದಿನ ಬೇರು ಮಾತ್ರ ನಾನು ಊಹಿಸದ ಕಡೆ ಇತ್ತು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತೊಡನೆ ಅದು ಮಾಯವಾಯಿತು, ಸಿಕ್ಕಿಸಿದೊಡನೆ ಮರಳಿತು, ಮೈಕ್‌ನ ಲೋಹದ ಮೈಯನ್ನು ಬೆರಳಿನಿಂದ ಮುಟ್ಟಿದಾಗ ಬದಲಾಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟಾಗ ಜುಮ್ ಅನ್ನುತ್ತದೆಯೇ?" ಅನ್ನುತ್ತಿತ್ತು, ನಾನು ಅದನ್ನು ವರ್ಷಗಟ್ಟಲೆ ಸಹಜವೆಂದೇ ತಿಳಿದಿದ್ದೆ. ಮಲ್ಟಿಮೀಟರ್ ಹಿಡಿದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಹತ್ತಿರ ಸರಿಯಾಗಿಯೇ ಇತ್ತು, ಫೇಸ್ ಮತ್ತು ಅರ್ಥ್ ನಡುವೆ ಮಾತ್ರ ಅಂಕಿ ನಿಲ್ಲದೆ ಅಲೆದಾಡುತ್ತಿತ್ತು. ಹಳೆಯ ಮನೆಗೆ ಎರಡೇ ತಂತಿ ಎಳೆದು ವೈರಿಂಗ್ ಮಾಡಿದ್ದ ಕಾಲದ ಬೋರ್ಡಿಗೆ, ಆಮೇಲೆ ಯಾರೋ ಮೂರು ಪಿನ್‌ನ ಸಾಕೆಟ್ ಕೂರಿಸಿದ್ದರು. ಮೂರನೆಯ ತೂತು ಇತ್ತು, ಅದರ ಹಿಂದೆ ತಂತಿಯೇ ಇರಲಿಲ್ಲ. ಚಾರ್ಜರ್‌ನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಭೂಮಿಗೆ ಇಳಿಸಬೇಕಾದ ಸಣ್ಣ ಸೋರಿಕೆ ವಿದ್ಯುತ್ತಿಗೆ ದಾರಿಯಿಲ್ಲದೆ, ಅದು ಲ್ಯಾಪ್‌ಟಾಪ್‌ನ ಮೈಗೆ, ಅಲ್ಲಿಂದ ಯುಎಸ್‌ಬಿ ತಂತಿಯ ಮೂಲಕ ಇಂಟರ್‌ಫೇಸ್‌ಗೆ ಏರುತ್ತಿತ್ತು.

ಈ ಸದ್ದು ಕಿವಿಗೆ ಇಷ್ಟೊಂದು ಚುಚ್ಚುತ್ತಿದ್ದುದೇಕೆ ಎಂಬುದನ್ನೂ ಅವರು ಯಾವ ಕಂಪನದ ಸದ್ದು ಎಷ್ಟಿದೆಯೆಂದು ಗೆರೆಗಳಲ್ಲಿ ಕಾಣಿಸುವ ಆಡಾಸಿಟಿಯ ಸ್ಪೆಕ್ಟ್ರಮ್ ಚಿತ್ರದಲ್ಲಿ ತೋರಿಸಿದರು. ನಮ್ಮ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50, ಅಂದರೆ 50 ಹರ್ಟ್ಜ್. ಅದರೊಂದಿಗೆ 100, 150, 200 ಹರ್ಟ್ಜ್‌ಗಳಲ್ಲೂ ಗೆರೆಗಳು ಎದ್ದಿದ್ದವು. ದೊಡ್ಡಮ್ಮ ಹಾಡುವುದು ಐದು ಮನೆ ಶ್ರುತಿಗೆ, ಅಂದರೆ ಅವರ ಷಡ್ಜ ಸುಮಾರು 196 ಹರ್ಟ್ಜ್. ಪಕ್ಕದಲ್ಲೇ 200ರ ಗೆರೆ ನಿಂತಿರುವುದರಿಂದ, ಷಡ್ಜದಲ್ಲಿ ಅವರು ನಿಂತಾಗಲೆಲ್ಲ ಎರಡೂ ಒಂದಕ್ಕೊಂದು ತಾಗಿ ಸೆಕೆಂಡಿಗೆ ನಾಲ್ಕು ಸಲ ಅಲುಗುವ ಮಿಡಿತ ಹುಟ್ಟುತ್ತಿತ್ತು. ಅವರ ಕಂಠಕ್ಕೆ ವಯಸ್ಸಿನ ನಡುಕ ಬಂದಿದೆಯೆಂದು ನಾನು ಎಷ್ಟೋ ದಿನ ನೊಂದುಕೊಂಡಿದ್ದೆ. ಆ ನಡುಕ ಅವರದಾಗಿರಲಿಲ್ಲ.

ಬೋರ್ಡಿನ ವೈರಿಂಗನ್ನು ಅವರು ತಾವೇ ಮುಟ್ಟಲಿಲ್ಲ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಎಳೆಸಿ ಎಂದು ಹೇಳಿ ನಿಲ್ಲಿಸಿದರು. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಯ ಹೊತ್ತಿಗೆ ತೇವ ಆರದಂತೆ ನೀರು ಹೊಯ್ಯುತ್ತಿರಬೇಕೆಂದೂ, ಗುಂಯ್‌ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಪದ್ಧತಿ ಪ್ರಾಣಕ್ಕೆ ಕುತ್ತೆಂದೂ ಒತ್ತಿ ಹೇಳಿದರು. ಅರ್ಥಿಂಗ್ ಆಗುವವರೆಗೆ ಬ್ಯಾಟರಿಯ ಮೇಲೆಯೇ ಮುದ್ರಿಸುವುದು ಅವರು ಕೊಟ್ಟ ಉಪಾಯ. ಇಂಟರ್‌ಫೇಸ್‌ಗೆ ಬೇಕಾದ ವಿದ್ಯುತ್ತು ಲ್ಯಾಪ್‌ಟಾಪ್‌ನಿಂದಲೇ ಬರುವುದರಿಂದ ಇದರಲ್ಲಿ ಯಾವ ತೊಡಕೂ ಇಲ್ಲ.

ಮೂರನೆಯದು ಕರೆಂಟ್ ಹೋದಾಗ ಮಾತ್ರ ಬರುವ ಜರ್ರ್ ಸದ್ದು. ನಮ್ಮ ಯುಪಿಎಸ್ ಹಳೆಯದು. ಅದು ಕೊಡುವುದು ದುಂಡನೆಯ ಸೈನ್ ಅಲೆಯಲ್ಲ, ಚೌಕದ ಅಲೆ. ಚೌಕದ ಅಲೆಯಲ್ಲಿ 50ರ ಬೆಸ ಗುಣಕಗಳು ಮೇಲಿನವರೆಗೂ ಸಾಲುಗಟ್ಟಿರುವುದರಿಂದ ಫ್ಯಾನ್ ಕೂಡ ಗೊಣಗುತ್ತದೆ, ಮೈಕ್ ಅದನ್ನೆಲ್ಲ ಹೀರಿಕೊಳ್ಳುತ್ತದೆ. ಹಾಡಿಸುವಾಗ ಜಗಲಿಯ ಲೈನನ್ನೇ ಮೀಟರ್ ಬೋರ್ಡಿನ ಸ್ವಿಚ್ಚಾದ ಎಂಸಿಬಿಯಲ್ಲಿ ಇಳಿಸಿಬಿಟ್ಟರೆ ಸಾಕಾಯಿತು. ನಾಲ್ಕನೆಯದಾದ ಸುಯ್ ಸದ್ದು, ದೊಡ್ಡಮ್ಮನಿಂದ ಎರಡಡಿ ದೂರದಲ್ಲಿ ಮೈಕ್ ಇಟ್ಟು, ಇಂಟರ್‌ಫೇಸ್‌ನಲ್ಲಿ ಮೈಕ್‌ನ ಧ್ವನಿಯನ್ನು ಹಿಗ್ಗಿಸುವ ಗೇನ್ ಪೂರ್ತಿ ಏರಿಸಿದ್ದರ ಫಲ. ಮೈಕನ್ನು ಒಂದಡಿಗೆ ತಂದೊಡನೆ ಧ್ವನಿ ಸುಮಾರು 6 ಡೆಸಿಬಲ್ ಹೆಚ್ಚಿ, ಗೇನನ್ನು ಅಷ್ಟೇ ಇಳಿಸಲು ಆಯಿತು.

ಈ ಸೇವೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಅವರು ಮನೆಗೆ ಬರುವುದು ಭಾನುವಾರ ಮಾತ್ರ. ನಮಗೆ ಕೊಟ್ಟ ದಿನ ಎರಡು ಸಲ ಮುಂದಕ್ಕೆ ಹೋಯಿತು. ಊರೊಳಗೆ 1,500 ರೂಪಾಯಿ, ಸುಮಾರು 60 ಕಿಲೋಮೀಟರ್ ದೂರದ ನಮ್ಮಲ್ಲಿಗೆ ಪ್ರಯಾಣದ 900 ರೂಪಾಯಿ ಬೇರೆ ಎಂಬುದು ಮೂರೂವರೆ ಗಂಟೆಯ ಕೆಲಸಕ್ಕೆ ನ್ಯಾಯವಾದ ದರವೇ ಸರಿ, ಆದರೆ ಕಂಡುಕೊಂಡದ್ದನ್ನು ಅವರು ಬರೆದು ಕೊಡುವುದಿಲ್ಲ. ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರದಿದ್ದರೆ ಅರ್ಧ ಮರೆತುಹೋಗುತ್ತಿತ್ತು. ಕರೆಸುವವರು ಮೊದಲೇ ಚಾರ್ಜರ್ ಇದ್ದಾಗ, ಇಲ್ಲದಾಗ, ಯುಪಿಎಸ್ ಮೇಲಿದ್ದಾಗ ಒಂದೊಂದು ನಿಮಿಷದ ಮೌನವನ್ನು ಮುದ್ರಿಸಿಟ್ಟುಕೊಂಡರೆ ಒಂದು ಗಂಟೆಯಾದರೂ ಉಳಿಯುತ್ತದೆ.

ಅವರ ಒಂದು ಸಲಹೆಯನ್ನು ನಾನು ಒಪ್ಪಲಿಲ್ಲ. ಜಗಲಿಗೆ ದಪ್ಪ ಪರದೆ ಇಳಿಬಿಟ್ಟು ಪ್ರತಿಧ್ವನಿಯನ್ನು ಪೂರ್ತಿ ಕೊಲ್ಲಬೇಕೆಂದರು. ಸ್ಟುಡಿಯೋಗೆ ಅದು ಸರಿ. ಆದರೆ ಈ ಹಾಡುಗಳು ಮರದ ಕಂಬ, ಮುಚ್ಚಿಗೆ, ಕೆಂಪು ನೆಲದ ನಡುವೆಯೇ ಬೆಳೆದವು, ಹಸೆಗೋಡೆಗೆ ತಾಗಿ ಮರಳುವ ಆ ತೆಳು ಗುಂಗು ಅವುಗಳ ಅಂಗವೇ. ಅದು ದೋಷವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಒಂದು ಕಂಬಳಿಯನ್ನು ಮೈಕ್‌ನ ಹಿಂದೆ ಕಟ್ಟಿದ್ದಷ್ಟೇ ನಾನು ಮಾಡಿದ್ದು.

ಹೆಂಚಿನ ಮೇಲೆ ಸುರಿಯುವ ಮಳೆಗೆ ಅವರಲ್ಲೂ ಉಪಾಯವಿಲ್ಲ. ಹಾಗಾಗಿ ಮಳೆ ಹೊಳವಾದ ಹೊತ್ತು ನೋಡಿ, ಬೆಳಗಿನ ಜಾವ ಜೀರುಂಡೆಗಳು ಸುಮ್ಮನಾದ ಮೇಲೆ ಮತ್ತೆ ಮೊದಲಿಂದ ಹಾಡಿಸುತ್ತಿದ್ದೇವೆ. 32ರಲ್ಲಿ 11 ಮುಗಿದಿವೆ. ಮೊನ್ನೆ ಹನ್ನೊಂದನೆಯದನ್ನು ಕೇಳಿಸಿದಾಗ ದೊಡ್ಡಮ್ಮ ಬಹಳ ಹೊತ್ತು ಹೆಡ್‌ಫೋನ್ ತೆಗೆಯಲಿಲ್ಲ. ಆಮೇಲೆ ಮೂರನೆಯ ನುಡಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ನಾಳೆ ಅದನ್ನು ಇನ್ನೊಮ್ಮೆ ಹೇಳುತ್ತೇನೆ ಎಂದರು.