ಪುಂಡಿಯೋ ನೀರುದೋಸೆಯೋ, ರಾತ್ರಿಗೆ ಯಾವ ಮೀನೋ

ಭಾನುವಾರ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಅಂತ ಒಂದಿಲ್ಲ. ಎಲ್ಲರೂ ಏಳುವಾಗಲೇ ಒಂಬತ್ತು ದಾಟಿರುತ್ತದೆ. ಹತ್ತೂವರೆಗೆ ತಟ್ಟೆ ಹಾಕಿದರೆ ಅದೇ ತಿಂಡಿ, ಅದೇ ಮಧ್ಯಾಹ್ನದ ಊಟ. ರಾತ್ರಿಗೆ ಮೀನು ಬೇಕು, ಆದರೆ ಸೋಮವಾರ ಬೆಳಿಗ್ಗೆ ಹೊಟ್ಟೆ ಭಾರ ಅನ್ನಿಸಬಾರದು. ಈ ಎರಡು ಹೊತ್ತಿಗೆ ಯಾವುದು ಲಾಯ್ಕ ಅಂತ ಐದಾರು ವಾರ ಒಂದೊಂದೇ ಮಾಡಿ ನೋಡಿದೆ. ನನ್ನ ಊರು ಮಂಗಳೂರಿನ ಹತ್ತಿರ, ಈಗ ಇರುವುದು ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿ. ತಿನ್ನುವವರು ನಾಲ್ಕು ಜನ. ಅದರಲ್ಲಿ ತುಮಕೂರು ಕಡೆಯ ನನ್ನ ಗಂಡನಿಗೆ ಮುಳ್ಳಿನ ಮೀನೆಂದರೆ ಇನ್ನೂ ಅರ್ಧ ಹೆದರಿಕೆ.

ಮೊದಲು ನೀರುದೋಸೆ. ಬೆಳ್ತಿಗೆ ಅಕ್ಕಿ (ಕುಚ್ಚಲು ಅಲ್ಲದ ಬಿಳಿ ಅಕ್ಕಿ), ಉಪ್ಪು, ನೀರು, ಅಷ್ಟೇ. ಎರಡು ಲೋಟ ಅಕ್ಕಿಗೆ ನಾನು ಅರ್ಧ ಲೋಟ ಕಾಯಿತುರಿ ಸೇರಿಸಿ ರುಬ್ಬುತ್ತೇನೆ. ಅಮ್ಮ ಫೋನಿನಲ್ಲಿ ಕೇಳಿಸಿಕೊಂಡು, "ಕಾಯಿ ಎಂತಕ್ಕೆ ಮಾರಾಯ್ತಿ, ಅಕ್ಕಿಯ ರುಚಿ ಗೊತ್ತಾಗುವುದು ಬೇಡ್ವಾ?" ಅಂತ ಪ್ರತಿ ಸಲ ಹೇಳುತ್ತಾರೆ. ಹುಳಿ ಬರಲಿ ಅಂತ ಕಾಯಬೇಕಾಗಿಲ್ಲ, ಶನಿವಾರ ರಾತ್ರಿ ನೆನೆಹಾಕಿದರೆ ಸಾಕು. ಹಿಟ್ಟು ಮಜ್ಜಿಗೆಗಿಂತ ತೆಳ್ಳಗಿರಬೇಕು, ಕಾವಲಿ ಚೆನ್ನಾಗಿ ಕಾದಿರಬೇಕು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಒರೆಸಿ, ಅಂಚಿನಿಂದ ಒಳಕ್ಕೆ ಹಿಟ್ಟು ಸುರಿಯಬೇಕು. ಸವಟು ತಾಗಿಸಿ ಹರಡಿದರೆ ಕೆಟ್ಟಿತು. ಚುಂಯ್ ಅಂತ ಸದ್ದಾಗಿ ಮೈತುಂಬ ತೂತು ಬಿದ್ದರೆ ಕಾವು ಸರಿ ಇದೆ ಅಂತ ಲೆಕ್ಕ. ಮುಚ್ಚಳ ಮುಚ್ಚಿ, ಅಂಚು ಎದ್ದ ಮೇಲೆ ಮಗುಚದೆ ಹಾಗೇ ನಾಲ್ಕು ಮಡಿಕೆ ಮಾಡಿ ತೆಗೆಯುವುದು.

ಮೊದಲ ವಾರ ಇಷ್ಟೆಲ್ಲ ಸರಿಯಾಗಿ ಮಾಡಿಯೂ ದೋಸೆ ಏಳಲೇ ಇಲ್ಲ. ಕೆರೆದು ಕೆರೆದು ತೆಗೆದದ್ದು ಉಪ್ಪಿಟ್ಟಿನ ಹಾಗಿತ್ತು. ಆಮೇಲೆ ಗೊತ್ತಾಯಿತು, ಅಂಗಡಿಯವರು ಕೊಟ್ಟದ್ದು ಹೊಸ ಅಕ್ಕಿ. ಹೊಸ ಅಕ್ಕಿಗೆ ಅಂಟು ಜಾಸ್ತಿ, ನೀರುದೋಸೆಗೆ ಹಳೇ ಅಕ್ಕಿಯೇ ಆಗಬೇಕು. ಮುಂದಿನ ವಾರ ಹಳೇ ಸೋನಾ ಮಸೂರಿಯಲ್ಲಿ ಕರವಸ್ತ್ರದಷ್ಟು ಮೃದುವಾಗಿ ಬಂತು.

ಆದರೆ ನೀರುದೋಸೆಯ ನಿಜವಾದ ತೊಂದರೆ ಅಕ್ಕಿಯದ್ದಲ್ಲ. ಎರಡು ಲೋಟ ಅಕ್ಕಿಗೆ ನನ್ನ ಕಾವಲಿಯಲ್ಲಿ ಇಪ್ಪತ್ತೆರಡು ದೋಸೆ ಆದವು. ಒಂದಕ್ಕೆ ಎರಡು ನಿಮಿಷ ಅಂದರೂ ಮುಕ್ಕಾಲು ಗಂಟೆ ಒಲೆಯ ಮುಂದೆ ನಿಲ್ಲಬೇಕು. ಅಕ್ಕಿ ತಳಕ್ಕೆ ಇಳಿಯುತ್ತದೆ, ಹಾಗಾಗಿ ಪ್ರತಿ ಸವಟಿಗೂ ಹಿಟ್ಟು ಕದಡಬೇಕು. ಇದು ಬಿಸಿಬಿಸಿ ಇರುವಾಗಲೇ ತಿನ್ನುವ ತಿಂಡಿ ಬೇರೆ. ಮೂವರು ತಿಂದು ಕೈ ತೊಳೆದ ಮೇಲೆ ನಾನು ಕೂತೆ. ಆಗ ಕಾಯಿಬೆಲ್ಲದ ಬಟ್ಟಲಿನಲ್ಲಿ ಎರಡೇ ಚಮಚ ಉಳಿದಿತ್ತು.

ಪುಂಡಿ ಅಂದರೆ ಅಕ್ಕಿ ತರಿಯ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು, ಅದರ ಲೆಕ್ಕ ಪೂರ್ತಿ ಬೇರೆ. ಒಗ್ಗರಣೆಗೆ ಸಾಸಿವೆ, ಕರಿಬೇವು. ಅದಕ್ಕೆ ನೀರು ಹಾಕಿ ಕುದಿಸಿ, ಉಪ್ಪು, ಕಾಯಿತುರಿ, ಅಕ್ಕಿ ತರಿ. ಒಂದು ಲೋಟ ತರಿಗೆ ಎರಡು ಲೋಟ ನೀರು ನನಗೆ ಸರಿಹೋಯಿತು. ಗಟ್ಟಿಯಾದ ಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುವುದು. ಆ ಗುಳಿ ಚಂದಕ್ಕಲ್ಲ, ಉಂಡೆಯ ಒಳಗೂ ಹಬೆ ತಾಗಿ ಬೇಯಲಿ ಅಂತ. ಒಂದು ಸಲ ನನ್ನ ಚಿಕ್ಕ ಮಗ ಚೆಂಡಿನ ಹಾಗೆ ಗುಂಡಗೆ ಉಂಡೆ ಮಾಡಿ ಇಟ್ಟ, ಅವನದ್ದು ಮಾತ್ರ ನಡುವೆ ಹಿಟ್ಟುಹಿಟ್ಟಾಗಿಯೇ ಉಳಿಯಿತು.

ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ನಾನು ಸ್ನಾನ ಮುಗಿಸಿ ಬಂದೆ. ಮುಚ್ಚಳ ತೆಗೆದರೆ ಹದಿನಾರು ಪುಂಡಿ ಒಟ್ಟಿಗೆ ತಯಾರು, ನಾಲ್ವರೂ ಒಟ್ಟಿಗೆ ಕೂತೆವು. ಪುಂಡಿಗೆ ನೀರುದೋಸೆಯ ನಾಜೂಕಿಲ್ಲ, ಒಪ್ಪುತ್ತೇನೆ. ಬರೀ ಚಟ್ನಿಯಲ್ಲಿ ತಿಂದರೆ ಮೂರನೆಯದಕ್ಕೆ ಬೇಸರ ಬರುತ್ತದೆ, ಅದಕ್ಕೆ ಒಂದು ಒಳ್ಳೆಯ ಸಾರು ಬೇಕೇ ಬೇಕು. ಈ ಮಾತು ನೆನಪಿರಲಿ.

ಬನ್ಸ್ ಕೂಡ ಒಂದು ವಾರ ಮಾಡಿದೆ. ಕಪ್ಪಾದ ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಕಲಸಿ ರಾತ್ರಿಯಿಡೀ ಇಟ್ಟು ಕರಿದದ್ದು. ಮಕ್ಕಳು ಕುಣಿದರು, ನಾನು ಮೂರು ಗಂಟೆವರೆಗೆ ಮಲಗಿದೆ. ಅದನ್ನು ಪಟ್ಟಿಯಿಂದ ಬಿಟ್ಟೆ.

ಇನ್ನು ರಾತ್ರಿಯ ಮೀನು. ಬಂಗುಡೆ ತವಾ ಫ್ರೈ ಎಲ್ಲರಿಗೂ ಗೊತ್ತಿರುವುದೇ. ಮೈಮೇಲೆ ಗೀರು ಹಾಕಿ, ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಹುಳಿ, ಉಪ್ಪು ಮೆತ್ತಿ ಅರ್ಧ ಗಂಟೆ ಇಟ್ಟರೆ ಆಯಿತು. ರುಚಿಯಲ್ಲಿ ಎದುರಾಳಿಯೇ ಇಲ್ಲ. ಆದರೆ ಬಂಗುಡೆ ಮೊದಲೇ ಜಿಡ್ಡಿನ ಮೀನು, ಅದಕ್ಕೆ ತವಾದ ಎಣ್ಣೆಯೂ ಸೇರಿದರೆ ಹಗುರ ಅನ್ನುವ ಮಾತು ಉಳಿಯುವುದಿಲ್ಲ. ಊರಿನ ಮನೆಯಲ್ಲಿ ಹಿಂದಿನ ಬಾಗಿಲು ತೆಗೆದರೆ ವಾಸನೆ ತೋಟಕ್ಕೆ ಹೋಗುತ್ತದೆ. ಇಲ್ಲಿ ಅದು ಪರದೆಗೆ ಹತ್ತಿ ಬುಧವಾರದವರೆಗೆ ನಮ್ಮ ಜೊತೆಗೇ ಇರುತ್ತದೆ.

ಸಿಗಡಿ, ಮಂಗಳೂರು ಸೌತೆ ಹಾಕಿದ ಸಾರು ನಿಜಕ್ಕೂ ಹಗುರ. ಸೌತೆ ಮೊದಲು ಪೂರ್ತಿ ಬೇಯಬೇಕು, ಸಿಗಡಿ ಕೊನೆಗೆ ಮೂರು ನಾಲ್ಕು ನಿಮಿಷ ಮಾತ್ರ. ಅರ್ಧಚಂದ್ರದ ಹಾಗೆ ಬಾಗಿದರೆ ಒಲೆ ಆರಿಸಿ, ಉಂಗುರದ ಹಾಗೆ ಸುತ್ತಿಕೊಂಡಿತೋ, ರಬ್ಬರು. ಮುಳ್ಳಿಲ್ಲದ ಕಾರಣ ನನ್ನ ಗಂಡನ ಓಟು ಇದಕ್ಕೇ. ತೊಂದರೆ ಇರುವುದು ಸುಲಿಯುವುದರಲ್ಲಿ. ತಲೆ ಸಮೇತ ಒಂದು ಕಿಲೋ ತಂದರೆ ಕೈಗೆ ಸಿಗುವುದು ಅರ್ಧ ಕಿಲೋ ಆಸುಪಾಸು. ಬೆನ್ನಿನ ಕಪ್ಪು ನರ ಒಂದೊಂದೇ ಎಳೆದು ತೆಗೆಯುತ್ತಾ ಕೂತಾಗ ಭಾನುವಾರದ ಸಂಜೆಯೇ ಮುಗಿದುಹೋಗಿತ್ತು. ಸುಲಿದದ್ದೇ ತರಬಹುದು, ಆದರೆ ಅದು ಎಷ್ಟು ದಿನದ್ದು ಅಂತ ನೋಡುವುದಕ್ಕೆ ತಲೆಯೇ ಇರುವುದಿಲ್ಲವಲ್ಲ!

ಕೊನೆಗೆ ಬೂತಾಯಿ, ಅಂದರೆ ಸಾರ್ಡೀನ್ ಮೀನಿನ ಪುಳಿಮುಂಚಿ. ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ಹೆಸರಲ್ಲೇ ಅರ್ಧ ಅಡುಗೆ ಇದೆ. ಹುರಿದ ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಚಿಟಿಕೆ ಓಮ, ಬೆಳ್ಳುಳ್ಳಿ, ಹುಳಿ ಸೇರಿಸಿ ನುಣ್ಣಗೆ ರುಬ್ಬುವುದು. ಕಾಯಿ ಹಾಕುವುದಿಲ್ಲ. ಎಣ್ಣೆ ಎರಡು ಚಮಚ. ಮಸಾಲೆ ಕುದಿದ ಮೇಲೆ ಮೀನು ಹಾಕಿದರೆ ಹತ್ತು ನಿಮಿಷದೊಳಗೆ ಆಯಿತು. ಸೌಟು ಹಾಕಿ ತಿರುವಬಾರದು, ಪಾತ್ರೆಯನ್ನು ಎರಡು ಕಡೆ ಹಿಡಿದು ಕುಲುಕಬೇಕು, ಇಲ್ಲದಿದ್ದರೆ ಮೀನು ಪುಡಿಪುಡಿ. ವಾಸನೆ ಇದೆ, ಆದರೆ ಹುಳಿಯ ಜೊತೆ ಬೆರೆತದ್ದು, ಪರದೆಗೆ ಹತ್ತುವಂಥದ್ದಲ್ಲ. ಬೂತಾಯಿಯ ಸಣ್ಣ ಮುಳ್ಳು ನನ್ನ ಗಂಡನಿಗೆ ನಾನೇ ಬಿಡಿಸಿಕೊಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಇಲ್ಲಿ ಸಿಗುವ ಬೂತಾಯಿಯ ಕಣ್ಣು ನೋಡಿಯೇ ನಾನು ವಾಪಸ್ ಬರುತ್ತೇನೆ. ಆ ಎರಡು ತಿಂಗಳು ನಮಗೆ ಒಣ ಸಿಗಡಿ ಚಟ್ನಿಯೇ ಗತಿ.

ಭಾನುವಾರ ರಾತ್ರಿ ಗಂಜಿಯ ಜೊತೆ ತಿಂದಾಗ ಪುಳಿಮುಂಚಿ ಪರವಾಗಿಲ್ಲ ಅನ್ನಿಸಿತು, ಅಷ್ಟೇ. ಸಿಗಡಿಯೇ ಒಂದು ಕೈ ಮೇಲೆ ಅಂತ ಬರೆದಿಟ್ಟೂ ಆಗಿತ್ತು. ಸೋಮವಾರ ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದು ಕುದಿ ಬರಿಸಿ ನೋಡಿದೆ. ಹುಳಿ, ಖಾರ ಮೀನಿನೊಳಗೆ ಇಳಿದಿತ್ತು, ಸಾರು ದಪ್ಪಗಾಗಿತ್ತು. ಹಿಂದಿನ ದಿನದ ಎರಡು ಪುಂಡಿ ಉಳಿದಿದ್ದವು. ಗುಳಿ ಇತ್ತಲ್ಲ, ಸಾರು ಅದರಲ್ಲೇ ತುಂಬಿಕೊಂಡಿತು.

ಅಮ್ಮನಿಗೆ ಹೇಳಿದರೆ ನಕ್ಕರು. "ಪುಳಿಮುಂಚಿ ಮಾಡಿದ ದಿನ ಯಾರಾದರೂ ತಿನ್ನುತ್ತಾರಾ?"

ಈಗ ಬೂತಾಯಿ ಬರುವುದು ಶನಿವಾರ ಸಂಜೆ. ರಾತ್ರಿ ಒಂದು ಕುದಿ, ಭಾನುವಾರ ಹತ್ತೂವರೆಗೆ ಪುಂಡಿಯ ಜೊತೆ ಇನ್ನೊಂದು. ಭಾನುವಾರ ರಾತ್ರಿ ಬರೀ ಗಂಜಿ, ಉಪ್ಪಿನಕಾಯಿ. ನೀರುದೋಸೆ ಮಕ್ಕಳು ಅಜ್ಜಿ ಮನೆಗೆ ಹೋದಾಗ ನಾವಿಬ್ಬರೇ ಇದ್ದರೆ, ಅದೂ ನನ್ನ ಗಂಡ ಕಾವಲಿಯ ಮುಂದೆ ನಿಲ್ಲುವುದಾದರೆ.