ಉಬುಂಟು ಸರ್ವರ್‌ಗಳಲ್ಲಿ ನೆಟ್‌ಪ್ಲ್ಯಾನ್: ಹಲವು ವರ್ಷಗಳ ಬಳಕೆಯ ನಂತರ

ಉಬುಂಟು 18.04ರ ಕಾಲದಿಂದಲೂ ನಾನು ನೋಡಿಕೊಳ್ಳುವ ಸರ್ವರ್‌ಗಳ ನೆಟ್‌ವರ್ಕ್ ಸಂರಚನೆ ನೆಟ್‌ಪ್ಲ್ಯಾನ್ ಎಂಬ ಸಾಧನದ ಮೂಲಕವೇ ನಡೆಯುತ್ತಿದೆ. ಯಾವ ಇಂಟರ್‌ಫೇಸ್‌ಗೆ ಯಾವ ಐಪಿ ವಿಳಾಸ, ಯಾವ ಮಾರ್ಗ (ರೂಟ್), ಯಾವ ಡಿಎನ್‌ಎಸ್ ಇರಬೇಕೆಂದು ಯಾಮಲ್ (YAML) ಎಂಬ ಸರಳ ಪಠ್ಯರೂಪದ ಕಡತದಲ್ಲಿ ಬರೆದಿಟ್ಟರೆ ಸಾಕು. ನೆಟ್‌ಪ್ಲ್ಯಾನ್ ಅದನ್ನು ನೆಟ್‌ವರ್ಕನ್ನು ನಿಜಕ್ಕೂ ನಡೆಸುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಅಥವಾ ನೆಟ್‌ವರ್ಕ್‌ಮ್ಯಾನೇಜರ್‌ಗೆ ಬೇಕಾದ ರೂಪಕ್ಕೆ ತಂದು ಒಪ್ಪಿಸುತ್ತದೆ. ಇದಕ್ಕೂ ಹಿಂದೆ ಈ ಕೆಲಸ ಮಾಡುತ್ತಿದ್ದ ಇಫ್‌ಅಪ್‌ಡೌನ್ ಸಾಧನದ ಕಡತಗಳ ಪೋಸ್ಟ್-ಅಪ್ ಸಾಲುಗಳಲ್ಲಿ ಅಡಗಿರುತ್ತಿದ್ದ ಶೆಲ್ ಆದೇಶಗಳನ್ನು ಹುಡುಕಿ ದಣಿದವರಿಗೆ ಇದು ದೊಡ್ಡ ನೆಮ್ಮದಿ.

ನಾನು ಅತ್ಯಂತ ಮೆಚ್ಚುವುದು ‘ನೆಟ್‌ಪ್ಲ್ಯಾನ್ ಟ್ರೈ’ ಆದೇಶವನ್ನು. ದೂರದ ಯಂತ್ರದಲ್ಲಿ ಎಸ್‌ಎಸ್‌ಎಚ್ ಮೂಲಕ ಬದಲಾವಣೆ ಮಾಡುವಾಗ 120 ಸೆಕೆಂಡುಗಳೊಳಗೆ ನಾವು ಖಚಿತಪಡಿಸದಿದ್ದರೆ ಅದು ಹಿಂದಿನ ಸಂರಚನೆಯನ್ನು ತಾನಾಗಿಯೇ ಮರಳಿ ತರುತ್ತದೆ. ಆದರೆ ಬಾಂಡ್ (ಹಲವು ಇಂಟರ್‌ಫೇಸ್‌ಗಳನ್ನು ಒಂದಾಗಿ ಬೆಸೆಯುವುದು) ಮತ್ತು ಬ್ರಿಡ್ಜ್‌ಗಳ (ಇಂಟರ್‌ಫೇಸ್‌ಗಳನ್ನು ಸ್ವಿಚ್‌ನಂತೆ ಜೋಡಿಸುವ ವರ್ಚುವಲ್ ಸಾಧನ) ಪ್ಯಾರಾಮೀಟರ್‌ಗಳನ್ನು ಬದಲಿಸುವಾಗ ಈ ರಕ್ಷಣೆಯನ್ನು ನಂಬುವಂತಿಲ್ಲ. ಅಂಥ ಕೆಲಸಕ್ಕೆ ನೆಟ್‌ವರ್ಕ್ ಕಡಿದರೂ ಬಳಸಬಹುದಾದ ಕನ್ಸೋಲ್ ಕೈಗೆಟಕುವಂತಿರಲೇಬೇಕು.

ನನ್ನ ಮುಖ್ಯ ಆಕ್ಷೇಪ ಬೇರೆಯದು. ಕಡತದಲ್ಲಿ ಬರೆದದ್ದನ್ನು ಸೇರಿಸುವುದರಲ್ಲಿ ನೆಟ್‌ಪ್ಲ್ಯಾನ್ ತೋರುವ ನಿಷ್ಠೆ, ಅಳಿಸಿದ್ದನ್ನು ತೆಗೆಯುವುದರಲ್ಲಿ ಕಾಣುವುದಿಲ್ಲ. ಒಂದು ಬ್ರಿಡ್ಜ್‌ನ ವಿವರವನ್ನು ಕಡತದಿಂದ ತೆಗೆದು ‘ನೆಟ್‌ಪ್ಲ್ಯಾನ್ ಅಪ್ಲೈ’ ಕೊಟ್ಟರೂ ಆ ಬ್ರಿಡ್ಜ್ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಹಿಂದೆ ಏನು ಘೋಷಿಸಲಾಗಿತ್ತು ಎಂಬ ನೆನಪನ್ನು ನೆಟ್‌ಪ್ಲ್ಯಾನ್ ಇಟ್ಟುಕೊಳ್ಳುವುದಿಲ್ಲ. ‘ಐಪಿ ಲಿಂಕ್ ಡಿಲೀಟ್’ ಬಳಸಿ ಕೈಯಾರೆ ಅಳಿಸಬೇಕು, ಇಲ್ಲವೇ ಯಂತ್ರವನ್ನು ರೀಬೂಟ್ ಮಾಡಬೇಕು. ಹಳೆಯ ಕಡತಗಳ ಪ್ರತಿಯನ್ನು ಮೊದಲೇ ತೆಗೆದಿಟ್ಟು ‘ಸ್ಟೇಟ್’ ಆಯ್ಕೆಯ ಮೂಲಕ ಒದಗಿಸುವ ದಾರಿಯೂ ಇದೆ. ಅಳಿಸಿದ ಬ್ರಿಡ್ಜ್ ಹೀಗೆ ಉಳಿಯುವುದನ್ನು ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಆದರೂ ಅಂತಿಮ ಸ್ಥಿತಿಯನ್ನು ಘೋಷಿಸಿದರೆ ಸಾಕು ಎನ್ನುವ ಸಾಧನದಲ್ಲಿ ಇದು ಸಣ್ಣ ಕೊರತೆಯಲ್ಲ. ಇಂಥದೇ ಇನ್ನೊಂದು ಸಾಧನವಾದ ಎನ್‌ಎಂಸ್ಟೇಟ್‌ನಲ್ಲಿ ಇಂಟರ್‌ಫೇಸ್‌ನ ಸ್ಥಿತಿಯನ್ನು ‘ಆಬ್ಸೆಂಟ್’ ಎಂದು ಬರೆದು, ಅದು ಇರಕೂಡದೆಂದೇ ಘೋಷಿಸಬಹುದು. ಅಂಥದೊಂದು ಪದ ಇಲ್ಲಿಯೂ ಬೇಕು.

ಕಡತಗಳು ಒಂದಕ್ಕಿಂತ ಹೆಚ್ಚಿದ್ದಾಗಲೂ ಇದೇ ಸ್ವಭಾವ ಕಾಣುತ್ತದೆ. ಹೆಸರಿನ ಅಕ್ಷರಕ್ರಮದಲ್ಲಿ ನಂತರ ಬರುವ ಕಡತದ ಬಿಡಿ ಮೌಲ್ಯಗಳು ಹಿಂದಿನವುಗಳ ಜಾಗಕ್ಕೆ ಬರುತ್ತವೆ, ಆದರೆ ಪಟ್ಟಿಗಳು ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ. ಯಂತ್ರ ಮೊದಲ ಬಾರಿ ಚಾಲೂ ಆದಾಗ ಅದನ್ನು ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಬರೆದಿಟ್ಟ ಕಡತದಲ್ಲಿ ಒಂದು ವಿಳಾಸವಿದ್ದು, ನಮ್ಮ ಕಡತದಲ್ಲಿ ಇನ್ನೊಂದನ್ನು ಕೊಟ್ಟರೆ ಇಂಟರ್‌ಫೇಸ್‌ಗೆ ಎರಡೂ ದಕ್ಕುತ್ತವೆ. ಬದಲಾವಣೆಗೆ ಮುನ್ನ ‘ನೆಟ್‌ಪ್ಲ್ಯಾನ್ ಗೆಟ್’ ಕೊಟ್ಟು ಒಟ್ಟುಗೂಡಿದ ರೂಪವನ್ನು ಓದುವುದು ಈಗ ನನ್ನ ರೂಢಿ.

ನೆಟ್‌ಪ್ಲ್ಯಾನ್‌ನ 2024ರ 1.0 ಆವೃತ್ತಿಯಲ್ಲಿ ‘ಸ್ಟೇಟಸ್’ ಆದೇಶಕ್ಕೆ ‘ಡಿಫ್’ ಆಯ್ಕೆ ಸೇರಿ, ಕಡತಕ್ಕೂ ಚಾಲ್ತಿಯಲ್ಲಿರುವ ಸ್ಥಿತಿಗೂ ಇರುವ ಅಂತರ ಕಣ್ಣಿಗೆ ಕಾಣುವಂತಾಗಿದೆ. ಉಬುಂಟು 24.04 ಬಳಸುವವರು ಪ್ರತಿ ಅಪ್ಲೈ ನಂತರವೂ ಇದನ್ನು ಒಮ್ಮೆ ಓಡಿಸಿ ನೋಡಬೇಕೆಂದು ಶಿಫಾರಸು ಮಾಡುತ್ತೇನೆ.