ಮಗಳ ಗೈಡ್ ದಳ: ಎರಡು ವರ್ಷಗಳ ಅನುಭವ

ಐದನೆಯ ತರಗತಿ ಮುಗಿಸಿದ ಮಗಳನ್ನು ಶಾಲೆಯ ಗೈಡ್ ದಳಕ್ಕೆ ಸೇರಿಸಿದಾಗ, ವಾರದಲ್ಲಿ ಒಂದು ಸಂಜೆಯಾದರೂ ಅವಳು ಓರಗೆಯವರೊಡನೆ ಮೈದಾನದಲ್ಲಿ ಕಳೆಯಲಿ ಎಂಬುದಷ್ಟೇ ನಮ್ಮ ಆಸೆಯಾಗಿತ್ತು. ಮಕ್ಕಳಲ್ಲಿ ಹೊಣೆಗಾರಿಕೆ ಬೆಳೆಸುವುದಾಗಿ ಹೇಳುವ ತರಗತಿಗಳು ಇಂದು ಹಲವಾರಿವೆ. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಈ ತರಬೇತಿ ಆ ಮಾತನ್ನು ಹೇಗೆ ನಡೆಸಿಕೊಡುತ್ತದೆ ಎಂಬುದನ್ನು ಎರಡು ವರ್ಷ ಹತ್ತಿರದಿಂದ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತವಾದ ಪ್ರವೇಶದಲ್ಲಿ ಪ್ರತಿಜ್ಞೆ, ನಿಯಮ, ವಂದನೆಗಳ ಜೊತೆಗೆ ಮನೆಯಲ್ಲಿ ಒಂದು ತಿಂಗಳ ಕಾಲ ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಅದನ್ನು ಡೈರಿಯಲ್ಲಿ ಬರೆದಿಡಬೇಕು. ಮೊದಲ ವಾರ ಅವಳು ಬರೆಯುವುದಕ್ಕೆಂದೇ ಕೆಲಸ ಹುಡುಕುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ ಅಜ್ಜಿಯ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಎತ್ತಿಕೊಡುವುದು ಅವಳ ಪಾಲಿನ ಕೆಲಸವಾಗಿ ನಿಂತಿತು, ಈಗಲೂ ನಿಂತಿದೆ. ಆ ಡೈರಿಯಲ್ಲಿ ಒಂದು ದಿನದ ಪುಟ ಖಾಲಿಯಿತ್ತು. ಏನಾದರೊಂದು ಬರೆದುಬಿಡು ಎಂದು ನಾನೇ ಹೇಳಿದ್ದೆ. ಅವಳು ಒಪ್ಪದೆ ಹಾಗೆಯೇ ಒಯ್ದಳು. ದಳವನ್ನು ನಡೆಸುವ ಶಿಕ್ಷಕಿಯಾದ ಗೈಡ್ ಕ್ಯಾಪ್ಟನ್ ಅದನ್ನು ನೋಡಿ, ತಿಂಗಳಿಗೆ ಇನ್ನೊಂದು ದಿನ ಸೇರಿಸಿಕೊಂಡು ಬಾ ಎಂದು ಹೇಳಿ ಕಳುಹಿಸಿದರಂತೆ. ಆ ಸಂಜೆ ನನಗೆ ನಾಚಿಕೆಯಾದದ್ದು ನಿಜ.

ಈ ವ್ಯವಸ್ಥೆಯ ಜೀವಾಳ ಪಟ್ರೋಲ್ ಪದ್ಧತಿ, ಅಂದರೆ ದಳವನ್ನು ಚಿಕ್ಕ ಗುಂಪುಗಳಾಗಿ ನಡೆಸುವುದು. ಆರರಿಂದ ಎಂಟು ಹುಡುಗಿಯರ ಒಂದೊಂದು ಗುಂಪಿಗೆ ಹೂವಿನ ಹೆಸರು, ಅವರೊಳಗಿನಿಂದಲೇ ಒಬ್ಬ ನಾಯಕಿ, ಪ್ರತಿಯೊಬ್ಬಳಿಗೂ ಒಂದು ಹೊಣೆ. ಎರಡು ದಿನಗಳ ಶಿಬಿರದಲ್ಲಿ ಮಗಳ ಗುಂಪಿನ ಅನ್ನ ತಳಹಿಡಿದಾಗ ದೊಡ್ಡವರು ಯಾರೂ ಬಂದು ಬೇರೆ ಅನ್ನ ಮಾಡಿಕೊಡಲಿಲ್ಲ. ಮೇಲಿನದನ್ನು ತೆಗೆದು ಹಂಚಿಕೊಂಡು ಉಂಡು, ಮರುದಿನ ಒಲೆಯ ಬಳಿ ಯಾರು ಕುಳಿತಿರಬೇಕೆಂದು ತಾವೇ ತೀರ್ಮಾನಿಸಿದರು. ಮನೆಯಲ್ಲಿ ನಾವು ಇಷ್ಟು ತಾಳ್ಮೆಯಿಂದ ಮಕ್ಕಳಿಗೆ ತಪ್ಪು ಮಾಡಲು ಬಿಡುವುದಿಲ್ಲ.

ಆದರೆ ಎಲ್ಲ ಕಡೆಯೂ ಹೀಗಿಲ್ಲ. ನನ್ನ ಮಗ ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಸ್ಕೌಟ್ ದಳವೆಂದರೆ ಸ್ವಾತಂತ್ರ್ಯ ದಿನದ ಪಥಸಂಚಲನ ಮತ್ತು ಅತಿಥಿಗಳ ಸ್ವಾಗತಕ್ಕೆ ನಿಲ್ಲುವ ಸಾಲು, ಅಷ್ಟೇ. ಹಗ್ಗ ಮುಟ್ಟದೆಯೇ ಗಂಟುಗಳ ಹೆಸರನ್ನು ಬಾಯಿಪಾಠ ಮಾಡಿಸಿದ್ದರು. ಪಠ್ಯಕ್ರಮ ಅದೇ ಆಗಿದ್ದರೂ ಅದನ್ನು ನಡೆಸುವ ಶಿಕ್ಷಕರಿಗೆ ತರಬೇತಿಯೂ ಬಿಡುವೂ ಇಲ್ಲದಿದ್ದರೆ ಉಳಿಯುವುದು ಸಮವಸ್ತ್ರ ಮತ್ತು ಸ್ಕಾರ್ಫ್ ಮಾತ್ರ. ಆದ್ದರಿಂದ ಸೇರಿಸುವ ಮುನ್ನ ದಳ ವಾರವಾರವೂ ಸೇರುತ್ತದೆಯೇ, ಶಿಕ್ಷಕರು ಸಂಸ್ಥೆಯ ತರಬೇತಿ ಪಡೆದಿದ್ದಾರೆಯೇ, ಪಟ್ರೋಲ್ ಸಭೆಯನ್ನು ಮಕ್ಕಳೇ ನಡೆಸುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ.

ಇನ್ನೊಂದು ಮಾತನ್ನು ಪೋಷಕರಿಗೆ ಹೇಳಲೇಬೇಕು: ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂಬ ಮುಂದಿನ ಹಂತಗಳನ್ನು ದಾಟಿ ರಾಜ್ಯ ಪುರಸ್ಕಾರವೆಂಬ ಪ್ರಶಸ್ತಿ ತಲುಪಲು ವರ್ಷಗಳೇ ಬೇಕು, ಪ್ರಮಾಣಪತ್ರಕ್ಕಾಗಿ ಅವಸರಪಡಿಸಿ ಮಗುವಿನ ಡೈರಿಯನ್ನು ನಾವೇ ತುಂಬಿಸಿಕೊಟ್ಟರೆ ಸೇರಿಸಿದ್ದೇ ವ್ಯರ್ಥ. ಮಗಳು ಈಗ ದ್ವಿತೀಯ ಸೋಪಾನಕ್ಕೆ ಸಿದ್ಧಳಾಗುತ್ತಿದ್ದಾಳೆ, ಈ ಬಾರಿ ಅವಳ ಡೈರಿಯನ್ನು ನಾನು ತೆರೆದು ನೋಡಿಲ್ಲ.